ಸರಳದಿಂದ ಸಂಕೀರ್ಣದ ಕಡೆಗೆ: ಮಾಲ್ಪಿಘಿ ಮತ್ತು ಕೀಟದ ಕರುಳು

ಜಿರಳೆಯ ಜೀರ್ಣಾಂಗವ್ಯೂಹದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ನಾವೆಲ್ಲರೂ ಒಂದು ಕೆಲಸ ಮಾಡುತ್ತೇವೆ. ನಡುಗರುಳು ಮುಗಿದು ಹಿಂಗರುಳು ಶುರುವಾಗುವ ಜಾಗದಲ್ಲಿ ಒಂದು ಹಿಡಿ ನೂಲಿನಂಥ ಗೆರೆಗಳನ್ನು ಎಳೆದು, ಪಕ್ಕದಲ್ಲಿ ‘ಮಾಲ್ಪಿಘಿಯನ್ ನಾಳಿಕೆಗಳು’ ಎಂದು ಹೆಸರು ಬರೆಯುತ್ತೇವೆ. ಮಕ್ಕಳೂ ಬರೆದುಕೊಳ್ಳುತ್ತಾರೆ. ಮುಂದೆ ಮನುಷ್ಯನ ಮೂತ್ರಪಿಂಡದ ಪಾಠ ಬಂದಾಗ ನೆಫ್ರಾನಿನ ತುದಿಯಲ್ಲಿರುವ ಚಿಕ್ಕ ಗುಂಡಿಗೂ ‘ಮಾಲ್ಪಿಘಿಯನ್ ಕಾಯ’ ಎಂದೇ ಹೆಸರು ಕೊಡುತ್ತೇವೆ. ಒಂದು ಕೀಟದ ಕರುಳಿಗೆ ಅಂಟಿಕೊಂಡ ನಾಳ, ಇನ್ನೊಂದು ಮನುಷ್ಯನ ಮೂತ್ರಪಿಂಡದ ಭಾಗ. ಎರಡಕ್ಕೂ ಒಂದೇ ಹೆಸರು ಏಕೆ ಬಂತು ಎಂದು ಪಠ್ಯಪುಸ್ತಕ ಹೇಳುವುದಿಲ್ಲ.

ಆ ಹೆಸರಿನ ಹಿಂದೆ ಇರುವವರು ಇಟಲಿಯ ವೈದ್ಯ ಮಾರ್ಚೆಲ್ಲೊ ಮಾಲ್ಪಿಘಿ. ಅವರ ಜೀವನವನ್ನು ತಿಳಿದರೆ ಕೀಟದ ಕರುಳಿನ ಪಾಠ ಹೆಸರುಗಳ ಪಟ್ಟಿಯಾಗಿ ಉಳಿಯುವುದಿಲ್ಲ ಎಂಬುದು ನನ್ನ ಅನುಭವ. ಬೋಧನಾಭ್ಯಾಸಕ್ಕೆ ಹೊರಡುವ ಜೀವವಿಜ್ಞಾನದ ಸಹಪಾಠಿಗಳಿಗೆ ಉಪಯೋಗವಾಗಲಿ ಎಂದು ಈ ಲೇಖನ.

ಬಾಲ್ಯ ಮತ್ತು ಓದು

ಮಾಲ್ಪಿಘಿ ಹುಟ್ಟಿದ್ದು 1628ರಲ್ಲಿ, ಉತ್ತರ ಇಟಲಿಯ ಬೊಲೋನ್ಯ ನಗರಕ್ಕೆ ಹತ್ತಿರದ ಕ್ರೆವಾಲ್ಕೋರೆ ಎಂಬ ಊರಿನಲ್ಲಿ. ಜಮೀನು ಇದ್ದ ಕುಟುಂಬ. ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ಪರಿಚಲನೆಯ ಪುಸ್ತಕವನ್ನು ಪ್ರಕಟಿಸಿದ್ದೂ ಅದೇ ವರ್ಷ. ಈ ಎರಡು ಘಟನೆಗಳಿಗೆ ಮುಂದೆ ಸಂಬಂಧ ಬರುತ್ತದೆ.

1646ರಲ್ಲಿ ಅವರು ಬೊಲೋನ್ಯ ವಿಶ್ವವಿದ್ಯಾಲಯಕ್ಕೆ ಸೇರಿದರು. ಮೂರು ವರ್ಷ ಕಳೆಯುವಷ್ಟರಲ್ಲಿ ಮನೆಯಲ್ಲಿ ದೊಡ್ಡ ಆಘಾತವಾಯಿತು. 1649ರಲ್ಲಿ ತಂದೆ, ತಾಯಿ ಮತ್ತು ಅಜ್ಜಿ ಮೂವರೂ ತೀರಿಕೊಂಡರು. ಹಿರಿಯ ಮಗನಾದ ಮಾಲ್ಪಿಘಿ ಓದು ನಿಲ್ಲಿಸಿ ಮನೆಯ ವ್ಯವಹಾರ ನೋಡಿಕೊಳ್ಳಬೇಕಾಯಿತು. ಪಕ್ಕದ ಜಮೀನಿನವರಾದ ಸ್ಬರಾಲ್ಯಾ ಕುಟುಂಬದೊಂದಿಗೆ ಗಡಿಯ ಜಗಳವೂ ಇತ್ತು. ನಮ್ಮ ಹಳ್ಳಿಗಳಲ್ಲಿ ಬದುವಿನ ಜಗಳ ತಲೆಮಾರುಗಳವರೆಗೆ ನಡೆಯುವಂತೆ ಅದೂ ಅವರ ಬೆನ್ನು ಬಿಡಲಿಲ್ಲ.

ಮತ್ತೆ ಓದಿಗೆ ಮರಳಿ 1653ರಲ್ಲಿ ಅವರು ವೈದ್ಯಕೀಯ ಮತ್ತು ತತ್ತ್ವಶಾಸ್ತ್ರದ ಪದವಿ ಪಡೆದರು. ಅವರ ಗುರು ಬಾರ್ತೊಲೊಮಿಯೊ ಮಸ್ಸಾರಿ. ವಿಶ್ವವಿದ್ಯಾಲಯದ ತರಗತಿಯಲ್ಲಿ ಗೇಲನ್ ಮುಂತಾದ ಪ್ರಾಚೀನರ ಗ್ರಂಥಗಳನ್ನು ಓದಿ ಹೇಳುವುದೇ ಆಗ ಬೋಧನೆ. ಮಸ್ಸಾರಿ ಅದರ ಜೊತೆಗೆ ಒಂಬತ್ತು ಮಂದಿ ಆಯ್ದ ವಿದ್ಯಾರ್ಥಿಗಳನ್ನು ತಮ್ಮ ಮನೆಯಲ್ಲಿ ಸೇರಿಸಿ, ಅಂಗಗಳನ್ನು ಬಿಡಿಸಿ ನೋಡಿ ಚರ್ಚಿಸುವ ಒಂದು ಗುಂಪನ್ನು ಕಟ್ಟಿದ್ದರು. ಪುಸ್ತಕದಲ್ಲಿ ಏನಿದೆ ಎಂಬುದಕ್ಕಿಂತ ಮುಂದಿರುವ ವಸ್ತುವಿನಲ್ಲಿ ಏನಿದೆ ಎಂದು ನೋಡುವ ಅಭ್ಯಾಸ ಮಾಲ್ಪಿಘಿಗೆ ಬಂದದ್ದು ಅಲ್ಲಿಂದ. ಮುಂದೆ ಅವರು ಗುರುವಿನ ತಂಗಿ ಫ್ರಾನ್ಚೆಸ್ಕಾ ಅವರನ್ನು ಮದುವೆಯಾದರು.

ಕಪ್ಪೆಯ ಶ್ವಾಸಕೋಶ

1656ರಲ್ಲಿ ಮಾಲ್ಪಿಘಿ ಪೀಸಾ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ಅಲ್ಲಿ ಗಣಿತಜ್ಞ ಜಿಯೊವಾನ್ನಿ ಅಲ್ಫೊನ್ಸೊ ಬೊರೆಲ್ಲಿ ಅವರ ಸ್ನೇಹವಾಯಿತು. ಬೊರೆಲ್ಲಿ ಪ್ರಾಣಿಗಳ ದೇಹವನ್ನು ಸನ್ನೆಕೋಲು, ರಾಟೆ, ಪಂಪುಗಳಿಂದ ಕೂಡಿದ ಯಂತ್ರದಂತೆ ನೋಡುತ್ತಿದ್ದರು. ಪ್ರತಿಯೊಂದು ಭಾಗಕ್ಕೂ ಒಂದು ರಚನೆ ಇದೆ, ಆ ರಚನೆಯಿಂದಲೇ ಅದರ ಕೆಲಸ ನಡೆಯುತ್ತದೆ ಎಂಬ ಯೋಚನೆಯನ್ನು ಮಾಲ್ಪಿಘಿ ಅವರಿಂದ ಕಲಿತರು. ಪೀಸಾದ ಹವೆ ಒಗ್ಗದೆ, ಮನೆಯ ತಾಪತ್ರಯಗಳೂ ಸೇರಿ 1659ರಲ್ಲಿ ಬೊಲೋನ್ಯಕ್ಕೆ ಮರಳಿದರು.

ಹಾರ್ವೆಯ ಸಿದ್ಧಾಂತದಲ್ಲಿ ಒಂದು ಕೊಂಡಿ ಇನ್ನೂ ಸಿಕ್ಕಿರಲಿಲ್ಲ. ಹೃದಯದಿಂದ ಅಪಧಮನಿಗಳಲ್ಲಿ ಹೊರಟ ರಕ್ತ ಅಭಿಧಮನಿಗಳಲ್ಲಿ ಮರಳುತ್ತದೆ ಎಂದು ಅವರು ಲೆಕ್ಕ ಮತ್ತು ಪ್ರಯೋಗಗಳಿಂದ ತೋರಿಸಿದ್ದರು. ಒಂದರಿಂದ ಇನ್ನೊಂದಕ್ಕೆ ರಕ್ತ ದಾಟುವ ದಾರಿಯನ್ನು ಮಾತ್ರ ಯಾರೂ ಕಂಡಿರಲಿಲ್ಲ. ಮಾಲ್ಪಿಘಿ ಮೊದಲು ದೊಡ್ಡ ಪ್ರಾಣಿಗಳ ಶ್ವಾಸಕೋಶದಲ್ಲಿ ಅದನ್ನು ಹುಡುಕಿದರು. ಆ ಅಂಗ ದಪ್ಪ, ರಕ್ತನಾಳಗಳು ಲೆಕ್ಕವಿಲ್ಲದಷ್ಟು, ಏನೂ ಸ್ಪಷ್ಟವಾಗಲಿಲ್ಲ. ಆಗ ಕಪ್ಪೆಯನ್ನು ತೆಗೆದುಕೊಂಡರು. ಕಪ್ಪೆಯ ಶ್ವಾಸಕೋಶ ತೆಳುವಾದ, ಬೆಳಕು ಹಾಯುವ ಚೀಲ. ಅದರಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸುವ ಅತಿ ಸಣ್ಣ ನಾಳಗಳ ಬಲೆ ಸೂಕ್ಷ್ಮದರ್ಶಕದಡಿ ಕಾಣಿಸಿತು. ಇವೇ ಲೋಮನಾಳಗಳು. 1661ರಲ್ಲಿ ಬೊರೆಲ್ಲಿಗೆ ಬರೆದ ಎರಡು ಪತ್ರಗಳ ರೂಪದಲ್ಲಿ ಈ ಶೋಧ ಪ್ರಕಟವಾಯಿತು. ಹಾರ್ವೆ ತೀರಿಕೊಂಡು ಆಗ ನಾಲ್ಕು ವರ್ಷ ಆಗಿತ್ತು.

ಇಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಸರಳದಿಂದ ಸಂಕೀರ್ಣದ ಕಡೆಗೆ ಎಂಬ ಬೋಧನಾ ಸೂತ್ರವನ್ನು ನಾವು ಮೊದಲ ಸೆಮಿಸ್ಟರಿನಲ್ಲಿಯೇ ಓದುತ್ತೇವೆ. ಪಾಠಯೋಜನೆಯಲ್ಲಿ ಅದನ್ನು ಬರೆಯುತ್ತೇವೆ. ಮಾಲ್ಪಿಘಿಗೆ ಅದು ಸಂಶೋಧನೆಯ ವಿಧಾನವೇ ಆಗಿತ್ತು. ದೊಡ್ಡ ಪ್ರಾಣಿಯಲ್ಲಿ ಅರ್ಥವಾಗದ್ದನ್ನು ಸಣ್ಣ ಪ್ರಾಣಿಯಲ್ಲಿ ಹುಡುಕಬೇಕು, ಅಲ್ಲಿ ಕಂಡದ್ದನ್ನು ಹಿಡಿದು ದೊಡ್ಡದನ್ನು ಅರ್ಥಮಾಡಿಕೊಳ್ಳಬೇಕು. ಹೀಗೆ ಅವರು ಕಪ್ಪೆಯಿಂದ ಕೀಟಕ್ಕೆ, ಮುಂದೆ ಕೋಳಿಯ ಮೊಟ್ಟೆಗೆ, ಸಸ್ಯಗಳಿಗೆ ಹೋದರು.

ಮೂತ್ರಪಿಂಡದ ಗುಂಡಿಗಳು

1662ರಲ್ಲಿ ಮಾಲ್ಪಿಘಿ ಸಿಸಿಲಿ ದ್ವೀಪದ ಮೆಸ್ಸೀನಾ ನಗರಕ್ಕೆ ಪ್ರಾಧ್ಯಾಪಕರಾಗಿ ಹೋಗಿ ನಾಲ್ಕು ವರ್ಷ ಇದ್ದರು. ಅಲ್ಲಿಯೂ ಗೇಲನ್ ಪಂಥದ ವೈದ್ಯರ ವಿರೋಧ ಎದುರಾಯಿತು. ಆ ಕಾಲದಲ್ಲೇ ಅವರು ನಾಲಿಗೆಯ ಮೇಲಿನ ಉಬ್ಬುಗಳನ್ನು ವಿವರಿಸಿ ಅವು ರುಚಿಗೆ ಸಂಬಂಧಪಟ್ಟವು ಎಂದು ತಿಳಿಸಿದರು.

1666ರಲ್ಲಿ ಒಳಾಂಗಗಳ ರಚನೆಯ ಕುರಿತ ಅವರ ಪುಸ್ತಕ ಬಂದಿತು. ಅದರಲ್ಲಿ ಯಕೃತ್ತು, ಮೆದುಳು, ಗುಲ್ಮಗಳ ಜೊತೆ ಮೂತ್ರಪಿಂಡವೂ ಇತ್ತು. ಅವರು ಮೂತ್ರಪಿಂಡದ ಅಪಧಮನಿಯೊಳಗೆ ಕಪ್ಪು ಬಣ್ಣದ ದ್ರವವನ್ನು ಹಾಯಿಸಿ, ಅಂಗವನ್ನು ಕೊಯ್ದು ನೋಡಿದರು. ಮರದ ಕೊಂಬೆಯಲ್ಲಿ ಹಣ್ಣು ತೂಗುವಂತೆ ರಕ್ತನಾಳಗಳ ತುದಿಯಲ್ಲಿ ಸಾವಿರಾರು ಪುಟ್ಟ ಗುಂಡಿಗಳು ಕಪ್ಪಾಗಿ ಕಂಡವು. ಮೂತ್ರ ಬೇರೆಯಾಗುವುದು ಇಲ್ಲಿಯೇ ಇರಬೇಕು ಎಂದು ಅವರು ಊಹಿಸಿದರು. ಆ ಗುಂಡಿಗೂ ಮೂತ್ರನಾಳಿಕೆಗೂ ಇರುವ ಜೋಡಣೆಯನ್ನು ತೋರಿಸಲು ಮಾತ್ರ ಅವರ ಉಪಕರಣದಿಂದ ಆಗಲಿಲ್ಲ. ಅದನ್ನು 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್ ತೋರಿಸಿದರು. ನಾವು ಪಾಠ ಮಾಡುವ ಬೌಮನ್ ಕೋಶದ ಹೆಸರು ಅವರದೇ.

ರೇಷ್ಮೆಹುಳುವಿನ ಒಳಗೆ

ಮಾಲ್ಪಿಘಿ ಬೊಲೋನ್ಯಕ್ಕೆ ಮರಳಿದ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ಅವರಿಂದ ಪತ್ರ ಬಂದಿತು. ತಮ್ಮ ಸಂಸ್ಥೆಯೊಂದಿಗೆ ಪತ್ರವ್ಯವಹಾರ ಇಟ್ಟುಕೊಳ್ಳಬೇಕು, ಗಿಡಗಳು, ಖನಿಜಗಳು, ರೇಷ್ಮೆಹುಳು ಇವುಗಳ ಬಗ್ಗೆ ತಿಳಿಸಬೇಕು ಎಂದು ಅದರಲ್ಲಿ ಕೇಳಲಾಗಿತ್ತು. ಬೊಲೋನ್ಯ ಆಗ ರೇಷ್ಮೆ ಬಟ್ಟೆಗೆ ಹೆಸರಾದ ಊರು. ಮಾಲ್ಪಿಘಿ ರೇಷ್ಮೆಹುಳುವನ್ನು ಕೈಗೆತ್ತಿಕೊಂಡರು.

ಸಣ್ಣ ಜೀವಿಗಳ ಒಳಗೆ ಹೇಳಿಕೊಳ್ಳುವಂಥ ಅಂಗಗಳು ಇರುವುದಿಲ್ಲ ಎಂಬುದು ಅರಿಸ್ಟಾಟಲ್ ಕಾಲದಿಂದ ಬಂದ ನಂಬಿಕೆ. ಮಾಲ್ಪಿಘಿ ಮೊಟ್ಟೆಯಿಂದ ಪತಂಗದವರೆಗೆ ಪ್ರತಿ ಹಂತದಲ್ಲೂ ಹುಳುವನ್ನು ಬಿಡಿಸಿ ನೋಡಿದರು. ಬೆನ್ನಿನ ಉದ್ದಕ್ಕೂ ಮಿಡಿಯುವ ಹೃದಯ, ಹೊಟ್ಟೆಯ ಕಡೆ ಗಂಟುಗಂಟಾಗಿ ಸಾಗುವ ನರಹುರಿ, ಸುತ್ತಿಕೊಂಡಿರುವ ರೇಷ್ಮೆಗ್ರಂಥಿ ಎಲ್ಲವೂ ಕಂಡವು. ಹುಳುವಿಗೆ ಶ್ವಾಸಕೋಶವಿಲ್ಲ, ಮೈಯ ಪಕ್ಕದ ರಂಧ್ರಗಳಿಂದ ಹೊರಟ ಗಾಳಿನಾಳಗಳು ದೇಹದ ಮೂಲೆಮೂಲೆಗೂ ಹೋಗುತ್ತವೆ. ಆ ರಂಧ್ರಗಳಿಗೆ ಎಣ್ಣೆ ಹಚ್ಚಿದರೆ ಹುಳು ಸಾಯುತ್ತದೆ ಎಂದು ತೋರಿಸಿ, ಅವು ಉಸಿರಾಟದ ದಾರಿಗಳೆಂದು ಅವರು ಖಚಿತಪಡಿಸಿದರು.

ಕರುಳನ್ನೂ ಅವರು ಬಿಡಿಸಿದರು. ಬಾಯಿಂದ ಗುದದವರೆಗೆ ನೇರವಾಗಿ ಸಾಗುವ ದಪ್ಪ ಕೊಳವೆ, ಅದರ ಹಿಂಭಾಗದಲ್ಲಿ ಕರುಳಿಗೆ ಸೇರಿಕೊಳ್ಳುವ, ಅಂಕುಡೊಂಕಾದ ತೆಳ್ಳನೆಯ ನಾಳಗಳು. ರೇಷ್ಮೆಹುಳುವಿನಲ್ಲಿ ಇವು 6. ಜಿರಳೆಯಲ್ಲಿ 100ರಿಂದ 150. ಮಾಲ್ಪಿಘಿ ಅವುಗಳನ್ನು ನೋಡಿದರು, ಚಿತ್ರ ಬರೆದರು, ವಿವರಿಸಿದರು. ಅವು ಮಾಡುವ ಕೆಲಸ ಏನೆಂದು ಅವರ ಕಾಲದಲ್ಲಿ ತಿಳಿಯಲಿಲ್ಲ. ಅವರ ನಂತರವೂ ಬಹುಕಾಲ ಇವು ಪಿತ್ತರಸ ಸುರಿಸುವ ನಾಳಗಳಿರಬೇಕೆಂದು ಭಾವಿಸಿದ ವಿದ್ವಾಂಸರಿದ್ದರು. 19ನೇ ಶತಮಾನದಲ್ಲಿ ಇವುಗಳೊಳಗೆ ಯೂರಿಕ್ ಆಮ್ಲ ಸಿಕ್ಕಿದ ಮೇಲೆ ಇವು ವಿಸರ್ಜನಾಂಗಗಳು ಎಂಬ ಅಭಿಪ್ರಾಯ ಗಟ್ಟಿಯಾಯಿತು.

ಹೀಗೆ ಮೂತ್ರಪಿಂಡದ ಗುಂಡಿಯನ್ನು ಕಂಡ ಕಣ್ಣೇ ಕೀಟದ ಈ ನಾಳಗಳನ್ನೂ ಕಂಡಿತ್ತು. ಎರಡೂ ದೇಹದ ಕಸವನ್ನು ಹೊರಹಾಕುವ ಭಾಗಗಳು ಎಂಬ ಸಂಬಂಧ ಮಾತ್ರ ಆ ವ್ಯಕ್ತಿಗೆ ತಿಳಿಯಲಿಲ್ಲ. ಎರಡು ಪಾಠಗಳಲ್ಲಿ ಒಂದೇ ಹೆಸರು ಇರುವುದಕ್ಕೆ ಕಾರಣ ಇದು.

ಈ ಕೆಲಸ ಸುಲಭದ್ದಾಗಿರಲಿಲ್ಲ. ಒಂಟಿ ಮಸೂರದ ಮುಂದೆ ತಿಂಗಳುಗಟ್ಟಲೆ ಕುಳಿತು ಅವರಿಗೆ ಜ್ವರ ಬಂದಿತು, ಕಣ್ಣು ಉರಿಯೂತದಿಂದ ನರಳಿದವು. ಆದರೂ ಮುಗಿಸಿದರು. ರಾಯಲ್ ಸೊಸೈಟಿ 1669ರಲ್ಲಿ ರೇಷ್ಮೆಹುಳುವಿನ ಪ್ರಬಂಧವನ್ನು ಚಿತ್ರಪಟಗಳೊಂದಿಗೆ ಅಚ್ಚು ಹಾಕಿಸಿ, ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಮುಂದೆ ಕೋಳಿಯ ಭ್ರೂಣ ಬೆಳೆಯುವ ಬಗೆ, ಸಸ್ಯಗಳ ಒಳರಚನೆ ಕುರಿತ ಅವರ ಪುಸ್ತಕಗಳೂ ಅದೇ ಸಂಸ್ಥೆಯಿಂದ ಹೊರಬಂದವು.

ಆ ನಾಳಗಳು ಏನು ಮಾಡುತ್ತವೆ?

ಜೀವನಚರಿತ್ರೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ ಮಾಲ್ಪಿಘಿಗೆ ಸಿಗದೇ ಹೋದ ಉತ್ತರವನ್ನು ನೋಡೋಣ. ಇಂದು ಕೀಟದ ಕರುಳಿನ ಬಗ್ಗೆ ಅತಿ ಹೆಚ್ಚು ತಿಳಿದಿರುವುದು ಹಣ್ಣುನೊಣದಲ್ಲಿ, ಅಂದರೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ. ಕಳಿತ ಬಾಳೆಹಣ್ಣಿನ ಮೇಲೆ ಕೂರುವ, ಸುಮಾರು 3 ಮಿಲಿಮೀಟರ್ ಉದ್ದದ ನೊಣ ಇದು. ಬಿಎಸ್ಸಿ ಪ್ರಯೋಗಾಲಯದಲ್ಲಿ ಗೋಧಿ ರವೆ, ಬೆಲ್ಲ, ಅಗರ್ ಕುದಿಸಿ ಇದಕ್ಕೆ ಆಹಾರ ಮಾಡಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇದರ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ. ಮರಿಹುಳುವಿನ ಲಾಲಾಗ್ರಂಥಿಯನ್ನು ತೆಗೆಯುವಾಗ ಅದರ ಜೊತೆ ಕರುಳೂ ಎಳೆದುಕೊಂಡು ಬರುತ್ತದೆ. ದೈತ್ಯ ವರ್ಣತಂತುಗಳನ್ನು ನೋಡುವ ಆತುರದಲ್ಲಿ ಕರುಳನ್ನು ಬದಿಗೆ ಸರಿಸುವುದೇ ವಾಡಿಕೆ. ಆ ಬದಿಗೆ ಸರಿದ ಕರುಳಿನ ಕಥೆ ಹೀಗಿದೆ.

ನೊಣ ತಿಂದ ಆಹಾರ ಮೊದಲು ಮುಂಗರುಳಿಗೆ ಬರುತ್ತದೆ. ಬೆಳೆದ ನೊಣದಲ್ಲಿ ಅನ್ನನಾಳದಿಂದ ಕವಲೊಡೆದ ಒಂದು ಚೀಲವಿದೆ. ಹೆಚ್ಚಾದ ಆಹಾರ ಅದರಲ್ಲಿ ಶೇಖರವಾಗುತ್ತದೆ. ಮುಂಗರುಳು ಮುಗಿಯುವಲ್ಲಿ ಕವಾಟದಂಥ ಭಾಗವಿದ್ದು, ಆಹಾರ ಮುಂದೆ ಹೋಗುವುದನ್ನು ನಿಯಂತ್ರಿಸುತ್ತದೆ. ಇಲ್ಲಿಯೇ ಒಂದು ತೆಳುಪೊರೆ ತಯಾರಾಗಿ ಆಹಾರವನ್ನು ಸುತ್ತುವರಿಯುತ್ತದೆ. ಒರಟು ಕಣಗಳೂ ರೋಗಾಣುಗಳೂ ಕರುಳಿನ ಗೋಡೆಗೆ ನೇರವಾಗಿ ತಾಗದಂತೆ ಈ ಪೊರೆ ಕಾಪಾಡುತ್ತದೆ.

ಮುಂದಿನದು ನಡುಗರುಳು. ಕಿಣ್ವಗಳು ಸ್ರವಿಸುವುದು, ಆಹಾರ ಜೀರ್ಣವಾಗುವುದು, ರಕ್ತಕ್ಕೆ ಸೇರುವುದು ಮುಖ್ಯವಾಗಿ ಇಲ್ಲಿಯೇ. ಹಣ್ಣುನೊಣದ ನಡುಗರುಳಿನ ಮಧ್ಯದಲ್ಲಿ ನಮ್ಮ ಜಠರದಂತೆ ಬಲವಾದ ಆಮ್ಲೀಯ ವಲಯವೊಂದಿದೆ. ರೇಷ್ಮೆಹುಳುವಿನಲ್ಲಿ ಇದಕ್ಕೆ ವಿರುದ್ಧ. ಅದರ ನಡುಗರುಳು ಬಲವಾದ ಪ್ರತ್ಯಾಮ್ಲೀಯ. ಒಂದು ಕಳಿತ ಹಣ್ಣು ತಿನ್ನುವ ನೊಣ, ಇನ್ನೊಂದು ಹಸಿ ಸೊಪ್ಪು ತಿನ್ನುವ ಹುಳು. ಕೀಟದ ಕರುಳು ಎಂಬ ಒಂದೇ ಶೀರ್ಷಿಕೆಯಡಿ ಪಾಠ ಮಾಡಿದರೂ ಒಳಗಿನ ರಸಾಯನಕ್ರಿಯೆ ಒಂದೇ ಅಲ್ಲ ಎಂಬುದನ್ನು ಮಕ್ಕಳಿಗೆ ಹೇಳಬಹುದು.

ನಡುಗರುಳು ಮತ್ತು ಹಿಂಗರುಳು ಕೂಡುವ ಜಾಗದಲ್ಲಿ ಮಾಲ್ಪಿಘಿಯನ್ ನಾಳಿಕೆಗಳು. ಹಣ್ಣುನೊಣದಲ್ಲಿ ಇವು ನಾಲ್ಕೇ; ಎರಡೆರಡು ಸೇರಿ ಒಂದೊಂದು ಸಮಾನ ನಾಳದ ಮೂಲಕ ಕರುಳಿಗೆ ತೆರೆಯುತ್ತವೆ. ಇನ್ನೊಂದು ತುದಿ ಮುಚ್ಚಿದೆ. ಈ ನಾಳಿಕೆಗಳು ಕೀಟದ ರಕ್ತದಲ್ಲಿ ಮುಳುಗಿ ತೇಲುತ್ತಿರುತ್ತವೆ.

ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಕೇಳಬಹುದು. ನಮ್ಮ ಮೂತ್ರಪಿಂಡದಲ್ಲಿ ರಕ್ತದ ಒತ್ತಡವೇ ನೀರನ್ನೂ ಕಲ್ಮಶವನ್ನೂ ಸೋಸುತ್ತದೆ. ಕೀಟಕ್ಕೆ ನಮ್ಮಂತೆ ಮುಚ್ಚಿದ ರಕ್ತನಾಳಗಳಿಲ್ಲ, ಅಷ್ಟು ಒತ್ತಡವೂ ಇಲ್ಲ. ಹಾಗಾದರೆ ಸೋಸುವುದು ಹೇಗೆ? ಉತ್ತರ: ಕೀಟ ಒತ್ತಡದಿಂದ ಸೋಸುವುದಿಲ್ಲ, ಪಂಪು ಮಾಡಿ ಸೆಳೆದುಕೊಳ್ಳುತ್ತದೆ. ನಾಳಿಕೆಯ ಗೋಡೆಯ ಜೀವಕೋಶಗಳು ಶಕ್ತಿ ಖರ್ಚು ಮಾಡಿ ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆ ತಳ್ಳುತ್ತವೆ. ಕ್ಲೋರೈಡ್ ಮತ್ತು ನೀರು ಅದರ ಹಿಂದೆಯೇ ಬರುತ್ತವೆ. ಕಲ್ಮಶಗಳೂ ಒಳಸೇರುತ್ತವೆ. ಎತ್ತರದ ಕೆರೆಯಿಂದ ತೂಬಿನಲ್ಲಿ ತಾನಾಗಿ ಇಳಿಯುವ ನೀರಿಗೂ ಬಾವಿಯಿಂದ ಪಂಪ್‌ಸೆಟ್ ಎತ್ತುವ ನೀರಿಗೂ ಇರುವ ವ್ಯತ್ಯಾಸ ಇದು. ಕಡ್ಡಿಹುಳುವಿನ ನಾಳಿಕೆಯೊಂದನ್ನು ಹೊರತೆಗೆದು ಒಂದು ಹನಿ ದ್ರವದಲ್ಲಿಟ್ಟರೂ ಅದು ಈ ಕೆಲಸ ಮಾಡುತ್ತಲೇ ಇರುತ್ತದೆ ಎಂದು 1950ರ ದಶಕದಲ್ಲಿ ಕೇಂಬ್ರಿಜ್‌ನ ರ‍್ಯಾಮ್ಸೆ ತೋರಿಸಿದರು.

ನಾಳಿಕೆಯಿಂದ ಹೊರಟ ದ್ರವ ಹಿಂಗರುಳಿಗೆ ಬರುತ್ತದೆ. ಅಲ್ಲಿ, ಮುಖ್ಯವಾಗಿ ಗುದನಾಳದಲ್ಲಿ, ಬೇಕಾದ ನೀರು ಮತ್ತು ಲವಣಗಳು ಮತ್ತೆ ದೇಹಕ್ಕೆ ಸೇರುತ್ತವೆ. ಉಳಿದದ್ದು ಮಲದೊಂದಿಗೇ ಹೊರಹೋಗುತ್ತದೆ. ಬಹುಪಾಲು ಕೀಟಗಳು ಸಾರಜನಕದ ಕಸವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುವುದರಿಂದ ನೀರು ಹೆಚ್ಚು ಬೇಕಿಲ್ಲ. ಗೋಡೆಯ ಮೇಲಿನ ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಕಾಣುವ ಬಿಳಿ ಭಾಗವೂ ಯೂರಿಕ್ ಆಮ್ಲವೇ. ಮಕ್ಕಳು ಮನೆಯಲ್ಲಿ ನೋಡಿರುತ್ತಾರೆ.

ಇದರಿಂದ ಏನು ಪ್ರಯೋಜನ ಎಂದವರು

ಮತ್ತೆ ಬೊಲೋನ್ಯಕ್ಕೆ ಬರೋಣ. ಹೊರದೇಶದಲ್ಲಿ ಮಾಲ್ಪಿಘಿಗೆ ಗೌರವ ಹೆಚ್ಚುತ್ತಿದ್ದಂತೆ ಊರಿನಲ್ಲಿ ವಿರೋಧವೂ ಹೆಚ್ಚಿತು. ಹಿಂದೆ ಹೇಳಿದ ಗಡಿಜಗಳ 1659ರಲ್ಲಿ ರಕ್ತಪಾತಕ್ಕೆ ತಿರುಗಿತ್ತು. ಮಾಲ್ಪಿಘಿಯವರ ತಮ್ಮ ಬಾರ್ತೊಲೊಮಿಯೊ ಸ್ಬರಾಲ್ಯಾ ಕುಟುಂಬದ ಒಬ್ಬರನ್ನು ಕೊಂದುಬಿಟ್ಟರು. ಸತ್ತವರ ತಮ್ಮ ಜಿಯೊವಾನ್ನಿ ಜಿರೋಲಮೊ ಸ್ಬರಾಲ್ಯಾ ಮುಂದೆ ವೈದ್ಯರಾಗಿ, ಅದೇ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಮಾಲ್ಪಿಘಿಯವರ ದೊಡ್ಡ ಎದುರಾಳಿಯಾದರು. 1684ರಲ್ಲಿ ಮಾಲ್ಪಿಘಿಯವರ ಮನೆಗೆ ಬೆಂಕಿ ಬಿದ್ದು ಸೂಕ್ಷ್ಮದರ್ಶಕಗಳು, ಪುಸ್ತಕಗಳು, ಹಸ್ತಪ್ರತಿಗಳು ನಾಶವಾದವು. 1689ರಲ್ಲಿ ಸ್ಬರಾಲ್ಯಾ ಅವರ ವಿಧಾನವನ್ನೇ ಟೀಕಿಸುವ ಬರಹ ಪ್ರಕಟಿಸಿದರು.

ಆ ಟೀಕೆಯ ಸಾರ ಇಷ್ಟು. ಸೂಕ್ಷ್ಮದರ್ಶಕದಲ್ಲಿ ಹುಳುಗಳನ್ನೂ ಗಿಡಗಳನ್ನೂ ನೋಡಿ ರೋಗಿಗೆ ಏನು ಬಂತು? ಇದರಿಂದ ಒಂದು ಕಾಯಿಲೆಯಾದರೂ ವಾಸಿಯಾಯಿತೇ? ವೈದ್ಯ ಕಲಿಯಬೇಕಾದದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ, ಹುಳುವಿನ ಕರುಳಿನಲ್ಲಿ ಅಲ್ಲ.

ಇದನ್ನು ಬರೀ ದ್ವೇಷದ ಮಾತು ಎಂದು ತಳ್ಳಿಹಾಕುವ ಹಾಗಿಲ್ಲ. ಆ ಕಾಲಕ್ಕೆ ಅದರಲ್ಲಿ ಸತ್ಯವಿತ್ತು. ಲೋಮನಾಳ ಕಂಡುಹಿಡಿದ ಮಾತ್ರಕ್ಕೆ ಯಾವ ಔಷಧವೂ ಬದಲಾಗಿರಲಿಲ್ಲ. ಸ್ವತಃ ಮಾಲ್ಪಿಘಿಗೆ ಗೌಟ್ ಎಂಬ ಕೀಲುಬೇನೆಯೂ ಮೂತ್ರಪಿಂಡದ ಕಲ್ಲಿನ ತೊಂದರೆಯೂ ಇತ್ತು. ಗೌಟ್ ಬರುವುದು ಯೂರಿಕ್ ಆಮ್ಲದ ಹರಳುಗಳು ಕೀಲುಗಳಲ್ಲಿ ಸೇರುವುದರಿಂದ. ಮೂತ್ರಪಿಂಡದ ಗುಂಡಿಯನ್ನೂ ಕೀಟದ ವಿಸರ್ಜನಾ ನಾಳಗಳನ್ನೂ ಕಂಡವರು ತಮ್ಮ ನೋವಿಗೆ ಆ ಜ್ಞಾನದಿಂದ ಯಾವ ಪರಿಹಾರವನ್ನೂ ಪಡೆಯಲಿಲ್ಲ.

ಇದೇ ಪ್ರಶ್ನೆ ನಮ್ಮ ತರಗತಿಯಲ್ಲೂ ಏಳುತ್ತದೆ. ಬೋಧನಾಭ್ಯಾಸದ ಎರಡನೇ ವಾರ ನಾನು ಕೀಟದ ಕರುಳಿನ ಚಿತ್ರ ಬರೆಯುತ್ತಿದ್ದಾಗ ಒಬ್ಬ ಹುಡುಗ ಎದ್ದು, ಇದನ್ನೆಲ್ಲ ತಿಳಿದು ಏನು ಪ್ರಯೋಜನ ಮಿಸ್ ಎಂದು ಕೇಳಿದ. ಕೇಳಿದ್ದರಲ್ಲಿ ತುಂಟತನವಿರಲಿಲ್ಲ. ಅದಕ್ಕೆ ಉತ್ತರ ಕೊಟ್ಟವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. ಅವರ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಸಪ್ಪೆ ರೋಗ ಬಂದರೆ ಹುಳು ಸೊಪ್ಪು ಬಿಟ್ಟು, ಮೈ ಮೆತ್ತಗಾಗಿ ಸಾಯುತ್ತದೆ, ಆ ಬೆಳೆ ಪೂರ್ತಿ ಹೋಗುತ್ತದೆ ಎಂದು ಅವಳು ಹೇಳಿದಳು. ಸಪ್ಪೆ ರೋಗ ಕರುಳಿನ ರೋಗ. ಹುಳುವಿನ ಕರುಳು ಕೆಟ್ಟರೆ ಆ ಮನೆಯ ಒಂದು ಬೆಳೆಯ ಆದಾಯವೇ ಹೋಯಿತು. ಆಮೇಲೆ ತರಗತಿಯಲ್ಲಿ ಯಾರೂ ಪ್ರಯೋಜನದ ಮಾತು ಎತ್ತಲಿಲ್ಲ. ಚಿತ್ರದಲ್ಲಿ ರೋಗ ಎಲ್ಲಿ ಹಿಡಿಯುತ್ತದೆ ತೋರಿಸಿ ಎಂದು ಕೇಳಿದರು.

ಕೊನೆಯ ದಿನಗಳು

1691ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಪೋಪ್ ಆದರು. ಹಿಂದೆ ಬೊಲೋನ್ಯದಲ್ಲಿ ಅಧಿಕಾರಿಯಾಗಿದ್ದಾಗ ಅವರಿಗೆ ಮಾಲ್ಪಿಘಿಯವರ ಪರಿಚಯವಾಗಿತ್ತು. ತಮ್ಮ ವೈದ್ಯರಾಗಿ ರೋಮಿಗೆ ಬರಬೇಕೆಂದು ಕರೆದರು. ವಯಸ್ಸಾಗಿ, ಕಾಯಿಲೆಯಿಂದ ಬಳಲುತ್ತಿದ್ದ ಮಾಲ್ಪಿಘಿ ಊರು ಬಿಟ್ಟು ರೋಮಿಗೆ ಹೋದರು. 1694ರ ನವೆಂಬರ್ ಕೊನೆಯಲ್ಲಿ ಪಾರ್ಶ್ವವಾಯುವಿನಿಂದ ಅಲ್ಲಿಯೇ ತೀರಿಕೊಂಡರು. ಅವರ ದೇಹವನ್ನು ಜಾರ್ಜಿಯೊ ಬಾಲ್ಯಿವಿ ಎಂಬ ಕಿರಿಯ ವೈದ್ಯರು ಬಿಡಿಸಿ ಪರೀಕ್ಷಿಸಿದರು. ಜೀವಮಾನವಿಡೀ ಬೇರೆ ದೇಹಗಳನ್ನು ಬಿಡಿಸಿ ನೋಡಿದವರ ದೇಹವೂ ಹೀಗೆ ಕೊನೆಗೆ ಒಂದು ಅಧ್ಯಯನದ ವಸ್ತುವಾಯಿತು. ಅವರ ಸಮಾಧಿ ಬೊಲೋನ್ಯದ ಚರ್ಚೊಂದರಲ್ಲಿದೆ. ಟೀಕೆಗಳಿಗೆ ಅವರು ಬರೆದಿಟ್ಟಿದ್ದ ಉತ್ತರ 1697ರಲ್ಲಿ, ಅವರ ಮರಣೋತ್ತರ ಕೃತಿಗಳ ಜೊತೆ ಲಂಡನ್ನಿನಲ್ಲಿ ಪ್ರಕಟವಾಯಿತು.

ಮುನ್ನೂರು ವರ್ಷಗಳ ನಂತರದ ಉತ್ತರ

ಸ್ಬರಾಲ್ಯಾ ಕೇಳಿದ ಪ್ರಶ್ನೆಗೆ ಪೂರ್ಣ ಉತ್ತರ ಮಾಲ್ಪಿಘಿಯವರ ಕೈಯಲ್ಲಿರಲಿಲ್ಲ. ಅದು ಬಹಳ ತಡವಾಗಿ ಬಂದಿತು, ಇನ್ನೂ ಬರುತ್ತಿದೆ. ಹಣ್ಣುನೊಣದ ಆಹಾರದಲ್ಲಿ ಆಕ್ಸಲೇಟ್ ಬೆರೆಸಿದರೆ ಅದರ ಮಾಲ್ಪಿಘಿಯನ್ ನಾಳಿಕೆಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಟ್ಟುತ್ತವೆ. ಮನುಷ್ಯರ ಮೂತ್ರಪಿಂಡದ ಕಲ್ಲುಗಳಲ್ಲಿ ಅತಿ ಸಾಮಾನ್ಯವಾದದ್ದೂ ಇದೇ ವಸ್ತು. ನಾಳಿಕೆ ಪಾರದರ್ಶಕವಾಗಿರುವುದರಿಂದ ಹರಳು ಹುಟ್ಟುವುದನ್ನೂ ಬೆಳೆಯುವುದನ್ನೂ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಆದ್ದರಿಂದ ಕಲ್ಲು ಕಟ್ಟುವ ಬಗೆಯನ್ನೂ ಅದನ್ನು ತಡೆಯುವ ವಸ್ತುಗಳನ್ನೂ ವಿಜ್ಞಾನಿಗಳು ಈ ನೊಣದಲ್ಲಿ ಪರೀಕ್ಷಿಸುತ್ತಿದ್ದಾರೆ. 2006ರಲ್ಲಿ ಎರಡು ಸಂಶೋಧನಾ ತಂಡಗಳು ಬೆಳೆದ ಹಣ್ಣುನೊಣದ ನಡುಗರುಳಿನಲ್ಲಿ ಕಾಂಡಕೋಶಗಳಿವೆ ಎಂದು ತೋರಿಸಿದವು. ಸವೆದ ಒಳಪದರವನ್ನು ಹೊಸದಾಗಿ ಕಟ್ಟುವ ಕೋಶಗಳು ಇವು. ನಮ್ಮ ಕರುಳೂ ಹೀಗೆಯೇ ತನ್ನನ್ನು ತಾನು ನವೀಕರಿಸಿಕೊಳ್ಳುವುದರಿಂದ, ಕರುಳಿನ ಕ್ಯಾನ್ಸರಿನ ಅಧ್ಯಯನಕ್ಕೂ ನೊಣದ ಕರುಳು ಬಳಕೆಯಾಗುತ್ತಿದೆ.

ಕೀಟ ಸಣ್ಣದು ಎಂಬ ಕಾರಣಕ್ಕೆ ಮಾಲ್ಪಿಘಿ ಅದನ್ನು ಬಿಡಲಿಲ್ಲ. ಸಣ್ಣದು, ಸರಳ ಎಂಬ ಕಾರಣಕ್ಕೇ ಆರಿಸಿಕೊಂಡರು. ಅವರು ಮಾಡಿದ್ದು ರಚನೆಯ ವಿವರಣೆ. ಕಾರ್ಯ ತಿಳಿಯಲು ಶತಮಾನಗಳು ಬೇಕಾದವು. ರಚನೆಯ ಚಿತ್ರ ಸರಿಯಾಗಿದ್ದುದರಿಂದಲೇ ನಂತರದವರು ಅದರ ಕೆಲಸವನ್ನು ಹುಡುಕಲು ಸಾಧ್ಯವಾಯಿತು.

ಪಾಠ ಮಾಡುವಾಗ

ಈ ಜೀವನಚರಿತ್ರೆಯನ್ನು ಪಾಠಯೋಜನೆಯಲ್ಲಿ ಬಳಸುವವರಿಗೆ ನಾನು ಮಾಡಿ ನೋಡಿದ ಕೆಲವು ಸೂಚನೆಗಳು.

ಮೊದಲನೆಯದು, ಚಿತ್ರ ಬರೆಯುವಾಗ ಎಲ್ಲ ಹೆಸರುಗಳನ್ನೂ ಒಮ್ಮೆಗೇ ಬರೆಯಬೇಡಿ. ನಾಳಿಕೆಗಳನ್ನು ಬರೆದು, ಇವು ಏನು ಮಾಡುತ್ತಿರಬಹುದು ಎಂದು ಕೇಳಿ. ಮಕ್ಕಳು ಆಹಾರ ಹೀರುತ್ತವೆ, ರಸ ಸುರಿಸುತ್ತವೆ ಎಂದು ಹೇಳುತ್ತಾರೆ. ವಿದ್ವಾಂಸರೂ ಬಹುಕಾಲ ಹಾಗೆಯೇ ಊಹಿಸಿದ್ದರು ಎಂದು ತಿಳಿಸಿದರೆ ಮಕ್ಕಳಿಗೆ ಊಹಿಸಲು ಧೈರ್ಯ ಬರುತ್ತದೆ.

ಎರಡನೆಯದು, ಕೀಟವನ್ನು ಕೊಯ್ಯದೆಯೇ ಕರುಳನ್ನು ತೋರಿಸಬಹುದು. ಕಳಿತ ಬಾಳೆಹಣ್ಣನ್ನು ಕಿವುಚಿ, ತಿಂಡಿಗೆ ಹಾಕುವ ನೀಲಿ ಬಣ್ಣವನ್ನು ಸ್ವಲ್ಪ ಬೆರೆಸಿ ಗಾಜಿನ ಸೀಸೆಯಲ್ಲಿಡಿ. ನೊಣಗಳು ಬಂದು ಮೊಟ್ಟೆಯಿಟ್ಟ ಮೇಲೆ ಬಾಯಿಗೆ ಹತ್ತಿ ತುರುಕಿ. ಕೆಲವು ದಿನಗಳಲ್ಲಿ ಮರಿಹುಳುಗಳು ಕಾಣುತ್ತವೆ. ಅವುಗಳ ಮೈ ಪಾರದರ್ಶಕವಾದ್ದರಿಂದ ಒಳಗಿನ ಕರುಳು ನೀಲಿ ದಾರದಂತೆ ಭೂತಗನ್ನಡಿಯಲ್ಲಿ ಕಾಣುತ್ತದೆ.

ಮೂರನೆಯದು, ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆಯ ಶಾಲೆಗಳಿಗೆ ಹೋಗುವವರು ಜಿರಳೆಗಿಂತ ಮೊದಲು ರೇಷ್ಮೆಹುಳುವನ್ನು ತೆಗೆದುಕೊಳ್ಳಿ. ಹಣ್ಣಾದ ಹುಳು ಚಂದ್ರಿಕೆಗೆ ಏರುವ ಮೊದಲು ಕರುಳನ್ನು ಖಾಲಿ ಮಾಡಿಕೊಳ್ಳುತ್ತದೆ, ಆಮೇಲೆ ಮೈ ಬೆಳಕು ಹಾಯುವಂತಾಗುತ್ತದೆ ಎಂಬುದು ಆ ಮಕ್ಕಳಿಗೆ ಗೊತ್ತು. ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಹೋಗಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದಿಲ್ಲ.

ಕೊನೆಯದು, ಇದರಿಂದ ಏನು ಪ್ರಯೋಜನ ಎಂದು ಕೇಳುವ ಮಗುವನ್ನು ಕೂರಿಸಬೇಡಿ. ಬೊಲೋನ್ಯದ ಪ್ರಾಧ್ಯಾಪಕರೊಬ್ಬರು ಅದೇ ಪ್ರಶ್ನೆ ಕೇಳಿದ್ದರು ಎಂದು ಹೇಳಿ, ಆ ಕಥೆಯಿಂದ ಮುಂದಿನ ಪಾಠ ಶುರುಮಾಡಿ.